ಸೋರಿದ ಬೋಗುಣಿ

ನಮ್ಮೂರ ಇಗರ್ಜಿಯ ಬಾಗಿಲು ಎದೆಯೆತ್ತರ ಅಷ್ಟೆ.
ಕಟ್ಟಿದವರು ಕುಳ್ಳರಲ್ಲ,
ಬರುವವರು ಎಷ್ಟುದ್ದ ಇರುತ್ತಾರೆಂದು ಬಲ್ಲವರು.
ಹೊಸಿಲ ಕೆಳಗೆ ಒಬ್ಬ ದೊರೆಯನ್ನು ಹೂತಿದ್ದಾರೆ.
ಅವನೇ ಕೇಳಿಕೊಂಡನಂತೆ: ಎಲ್ಲರೂ ತುಳಿದು ಹೋಗಲಿ.
ಎಂಟುನೂರು ವರ್ಷ ತುಳಿದಿದ್ದೇವೆ.
ಹೆಸರು ಸವೆದು ಈಗ ಉಳಿದಿರುವುದು
ಒಂದಕ್ಷರದ ಬಾಲ,
ಮಳೆ ಬಂದರೆ ಅದರಲ್ಲಿ ಗುಟುಕು ನೀರು.

ನಾನು ವಾರ್ದ್‌ಗೆಸ್, ಕಲ್ಲುಕುಟಿಗ.
ದೆಬೆದ್ ಕಣಿವೆಯ ಈಚೆ ದಡದಲ್ಲಿ
ಶಿಲುಬೆಗಲ್ಲು ಕೆತ್ತುವುದರಲ್ಲಿ ನನ್ನ ಮೀರಿಸಿದವರಿಲ್ಲ.
ಇದನ್ನು ತಲೆ ತಗ್ಗಿಸಿಯೇ ಹೇಳುತ್ತೇನೆ;
ತಗ್ಗಿಸಿದ ತಲೆ ಚೆನ್ನಾಗಿ ಕಾಣುತ್ತದೆಂದು ಗೊತ್ತು.

ದೊರೆಯ ಕಲ್ಲು ನೋಡಿ ನೋಡಿ ನನಗೂ ಆಸೆ ಹುಟ್ಟಿತು,
ನನ್ನನ್ನೂ ಹೊಸಿಲಲ್ಲೇ ಹೂಳಲಿ.
ಅಂದೇ ಕಲ್ಲು ಆರಿಸಿದೆ, ಸವೆಯದ ಜಾತಿಯದು.
ಅಕ್ಷರ ಬೆರಳಾಳ.
ಇಲ್ಲಿ ಮಲಗಿದವನು ಬರೀ ಧೂಳು ಎಂದು ಬರೆದು
ಸುತ್ತ ದ್ರಾಕ್ಷಿಬಳ್ಳಿ ಹಬ್ಬಿಸಿದರೆ
ತುಳಿಯಬಂದವರು ಎತ್ತಿದ ಕಾಲು ಎತ್ತಿದಂತೆಯೇ
ನಿಂತು ನೋಡಬೇಕು.
ಕೆಳಗೆ ಬಿದ್ದರೂ ಮೀಸೆ ಮಣ್ಣಾಗದ ಜಟ್ಟಿ ನಾನು,
ಮಣ್ಣೊಳಗೂ ಮೀಸೆ ತಿರುವುವವನು.

ಪಾಸ್ಕಕ್ಕೆ ಮುಂಚಿನ ಗುರುವಾರ
ಹನ್ನೆರಡು ಹುಡುಗರ ಪಾದ ತೊಳೆಯಲೆಂದು
ಉಪವಾಸದ ನಲವತ್ತು ದಿನವೂ ಕೂತು ಬೋಗುಣಿ ಕೆತ್ತಿದೆ.
ಅಂಚಿಗೆ ನವಿಲು. ತಳದಲ್ಲಿ, ಸಣ್ಣಗೆ, ನನ್ನ ಹೆಸರು:
ನೀರು ಕದಡಿದರೆ ಕಾಣದು, ತಿಳಿಯಾದರೆ ಕಾಣುತ್ತದೆ.
ನಾಲ್ವರು ಹೊತ್ತು ತಂದರು. ನೀರು ತುಂಬಿದರು.
ಪಾದ್ರಿ ತೇರ್ ಹುಸಿಕ್ ಒಂದು ಸುತ್ತು ಬಂದು
"ಚೆಂದ" ಅಂದರು, ಅಷ್ಟರಲ್ಲಿ ಅವರ ಚಪ್ಪಲಿ ಒದ್ದೆ.
ಹೆಸರು ಕೆತ್ತಿದಲ್ಲೇ ಕಲ್ಲು ಬಿರಿದಿತ್ತು.

ನೆಲ ಗುಡಿಸುವ ಶೋಘಕಾತ್ ಒಳಗೆ ಹೋಗಿ
ನೀಲಿ ಪ್ಲಾಸ್ಟಿಕ್ ಟಬ್ಬು ತಂದಳು,
ಬೆಳಿಗ್ಗೆ ಆಲೂಗಡ್ಡೆ ತೊಳೆದದ್ದು.
ಲಂಗದ ಅಂಚಿನಿಂದ ಒರೆಸಿ ಇಟ್ಟಳು. ಏನೂ ಅನ್ನಲಿಲ್ಲ;
ಅನ್ನುವಂಥದ್ದೇನೋ ನಡೆದಿದೆ ಎಂದು
ಅವಳಿಗೆ ಹೊಳೆದೇ ಇರಲಿಲ್ಲ.

ಪಾದ್ರಿಗೆ ಮಂಡಿನೋವು. "ಟಬ್ಬು ಸರಿಸುತ್ತಾ ಬಾ, ವಾರ್ದ್‌ಗೆಸ್."
ಸರಿಸಿದೆ. ಹಲ್ಲು ಕಚ್ಚಿಕೊಂಡು ಆರು ಜೊತೆ ಪಾದ.
ಏಳನೆಯವನು ನ್ಶಾನ್, ಕುರಿಯವರ ಹುಡುಗ,
ಕಾಲ್ಚೀಲ ಬಿಚ್ಚಲೊಲ್ಲ.
ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು,
ಕಿವಿ ಕೆಂಪಗಾಗಿತ್ತು.
ಜನಕ್ಕೆ ಕಾಣದಂತೆ ಬೆನ್ನು ಅಡ್ಡ ಕೊಟ್ಟು
ನಾನೇ ಬಿಚ್ಚಿದೆ, ಮುದುರಿ ಜೇಬಿಗೆ ಹಾಕಿಕೊಂಡೆ.
ಅವನು ನಕ್ಕ. ನೀರು ಬೆಚ್ಚಗಿತ್ತು.
ಪಾದ್ರಿ ಬೆಣ್ಣೆಯಲ್ಲಿ ಅವನ ಪಾದಕ್ಕೆ ಶಿಲುಬೆ ಬರೆದರು.
ಆ ಹೊತ್ತು, ದೇವರೇ,
ನನ್ನನ್ನು ನಾನು ನೋಡಿಕೊಳ್ಳಲು ಮರೆತಿದ್ದೆ.

ಎಷ್ಟು ಹೊತ್ತು? ಒಂದು ಪಾದದಷ್ಟು.
ಎಂಟನೆಯವನ ಮುಂದೆ ಕೂತಾಗ
ಎಂಥ ವಿನಯ ನನ್ನದು ಎಂದು ನೆನಪಾಯಿತು,
ಹೋಯಿತು.

ಮನೆಗೆ ಬಂದು ನೋಡಿದರೆ ಕಾಲ್ಚೀಲ ಜೇಬಲ್ಲೇ ಇದೆ.
ದೀಪ ಹತ್ತಿರ ಎಳೆದುಕೊಂಡು ತೂತು ಹೊಲಿದೆ.
ಉಳಿ ಹಿಡಿವ ಕೈಗೆ ಸೂಜಿ ಒಗ್ಗದು,
ಗಂಟುಗಂಟು ಹೊಲಿಗೆ.
ಬೆಳಗಾಗುವ ಮುನ್ನ ಅವರ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಬಂದೆ.
ಇದನ್ನೂ ಈಗ ನಿಮಗೆ ಹೇಳಿಬಿಟ್ಟೆ, ನೋಡಿ.

ಬೋಗುಣಿ ಶೋಘಕಾತಳ ಹಿತ್ತಲಲ್ಲಿದೆ.
ಬಿರುಕಿಗೆ ಹಿಟ್ಟು ಮೆತ್ತಿದ್ದಾಳೆ, ಅರ್ಧ ನೀರು ನಿಲ್ಲುತ್ತದೆ,
ಕೋಳಿಗೆ ಅಷ್ಟು ಸಾಕಂತೆ.
ನೀರು ಬತ್ತಿದ ಮಧ್ಯಾಹ್ನ ಅವು
ಕಾಳೆಂದುಕೊಂಡು ನನ್ನ ಹೆಸರನ್ನು ಕುಕ್ಕುತ್ತವೆ.
ಸವೆಯದ ಆ ಕಲ್ಲು ಅಂಗಳದಲ್ಲೇ ಬಿದ್ದಿದೆ.
ಮಾರಲು ಇನ್ನೂ ಮನಸ್ಸು ಬಂದಿಲ್ಲ.

ಪೂಜೆ ಮುಗಿದ ಮೇಲೆ ಪೀಠಕ್ಕೆ ಬೆನ್ನು ತೋರಬಾರದೆಂದು
ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬರುವುದು ನಮ್ಮ ರೂಢಿ.
ಈ ಭಾನುವಾರವೂ ಹಾಗೇ ಬಂದೆ,
ದೊರೆಯನ್ನು ಹಿಮ್ಮಡಿಯಿಂದ ತಡವಿ ಗುರುತು ಹಿಡಿದೆ,
ತಲೆ ಬಾಗಿಸಲು ಮರೆತೆ.
ಅರವತ್ತೊಂದು ವರ್ಷದಿಂದ ಇದೇ ಬಾಗಿಲು.
ಬೋರೆ ಇನ್ನೂ ಇಳಿದಿಲ್ಲ.